ನರ್ಸಮ್ಮನವರ ಭಾನುವಾರ



ಹಾಸನದಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರಿದ್ದಾರೆ, ಕ್ರೈಸ್ತರು. ತಮ್ಮ ಸಭೆಯ ಹಿರಿಯ ತಾಯಿಯೊಬ್ಬರಿಗೆ 90 ವರ್ಷ ತುಂಬಿದ ನಿಮಿತ್ತ ಭಾನುವಾರದ ಆರಾಧನೆಯಲ್ಲಿ ಗೌರವ ಸಲ್ಲಿಸುತ್ತೇವೆ, ತಾವೂ ಬರಬೇಕು ಎಂದು ಅವರು ಕರೆದರು. ಸೌಜನ್ಯಕ್ಕಾಗಿ ಒಪ್ಪಿಕೊಂಡೆವು. ಆ ತಾಯಿ ಯಾರೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಹೋದೆವು. ಸ್ತ್ರೀಯರು ಒಂದು ಬದಿ, ಪುರುಷರು ಒಂದು ಬದಿ; ತಾಯಂದಿರ ತಲೆಯ ಮೇಲೆ ಸೆರಗು. ಗೀತೆ, ಸತ್ಯವೇದ ಪಠನ, ಪ್ರಾರ್ಥನೆ ಎಲ್ಲವೂ ಕನ್ನಡದಲ್ಲಿ. (ನಮ್ಮ ಎಷ್ಟು ಮದುವೆಗಳಲ್ಲಿ ಕನ್ನಡ ಕೇಳಿಬರುತ್ತದೆಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ.) ನರೆತ ತಲೆಯವರ ಮುಂದೆ ಎದ್ದು ನಿಲ್ಲಬೇಕೆಂಬ ವಿಧಿ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆಯೆಂದು ಸಭಾಪಾಲಕರು ವಿವರಿಸಿದರು. ಆ ಮಾತು ಮುಗಿಯುತ್ತಲೇ ಸಭೆಯೆಲ್ಲ ಎದ್ದು ನಿಂತಿತು. ಮೊಮ್ಮಗಳ ತೋಳು ಹಿಡಿದು ಆ ತಾಯಿ ನಿಧಾನವಾಗಿ ಬಂದು ಮುಂದಣ ಕುರ್ಚಿಯಲ್ಲಿ ಕುಳಿತರು. ಶಾಲು ಹೊದಿಸಿದರು, ಪ್ರಾರ್ಥಿಸಿದರು. ಕೃತಜ್ಞತಾ ಕಾಣಿಕೆಯ ಲಕೋಟೆಯನ್ನು ಅವರು ತಾವೇ ತಟ್ಟೆಗೆ ಹಾಕಿದರು. ತರುವಾಯ ಮಾತನಾಡಿದರು.

ಹಾಸನ ಸೀಮೆಯವರಿಗೆ ರೆಡ್‌ಫರ್ನ್ ಆಸ್ಪತ್ರೆಯ ಹೆಸರು ಹೊಸದಲ್ಲ. ವೆಸ್ಲಿಯನ್ ಮಿಷನ್ನಿನವರು ಕಟ್ಟಿದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ ಏರ್ಪಟ್ಟ ಮೇಲೆ ಆ ಸಭೆಗೆ ಸೇರಿತು. ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಯ ಕೆಲಸ ಕಲಿತು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿದವರು ಈ ತಾಯಿ. 1962ರ ಆಷಾಢದಲ್ಲಿ ಹೊಳೆ ತುಂಬಿ ಹರಿಯುತ್ತಿರಲು ಹರಿಗೋಲಿನಲ್ಲಿ ದಾಟಿ, ಅರಕಲಗೂಡಿನ ಕಡೆಯ ಒಂದು ಮನೆಗೆ ಹೋದ ಸಂಗತಿಯನ್ನು ಹೇಳತೊಡಗಿದರು. ಎರಡು ದಿನದ ನೋವು, ಸೂಲಗಿತ್ತಿ ಕೈಚೆಲ್ಲಿದ್ದಳು, ಅಂಗಳದಲ್ಲಿ ಬಿಲ್ವದ ಮರವಿತ್ತು ಎಂದರು.

ಅದು ನಮ್ಮ ಮನೆ. ಅಂದು ಹುಟ್ಟಿದವನು ನಮ್ಮ ತಮ್ಮ.

ಆಗ ನಮಗೆ 9 ವರ್ಷ. ಬೆಳಗಿನ ಜಾವ ಕೂಸು ಅತ್ತಿತು, ತಾಯಿ ಉಳಿದರು. ಕೆಲವು ದಿನಗಳ ಮೇಲೆ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿದರು. ಆದರೆ ಆ ಬೆಳಿಗ್ಗೆ ನರ್ಸಮ್ಮನವರಿಗೆ ಕಾಫಿ ಕೊಟ್ಟದ್ದು ಜಗಲಿಯ ಮೇಲೆ, ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ಲೋಟದಲ್ಲಿ. ಅದು ಭವಿಗಳ ಲೋಟ. ಕುಡಿದ ಮೇಲೆ ಅವರೇ ತೊಳೆದು ಸೂರಿಗೆ ಸಿಕ್ಕಿಸಿದರು. ತೊಳೆಯಲು ಎತ್ತರದಿಂದ ನೀರು ಹೊಯ್ದವರು ನಾವು. ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಜನನಸೂತಕವೂ ಜಾತಿಸೂತಕವೂ ಅವುಗಳಲ್ಲಿ ಸೇರಿವೆ. ಬಾಣಂತಿಯ ಕೋಣೆಯಲ್ಲಿ ಮೊದಲನೆಯದನ್ನು ಎಣಿಸದ ನಮ್ಮ ಮನೆ, ಹತ್ತು ಹೆಜ್ಜೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಎರಡನೆಯದನ್ನು ಹಿಡಿದುಕೊಂಡಿತ್ತು. ಅಜ್ಜಿಯವರು ತ್ರಿಕಾಲ ಲಿಂಗಪೂಜೆ ತಪ್ಪಿಸಿದವರಲ್ಲ.

ಸಭೆಯ ಮುಂದೆ ಆ ತಾಯಿ ಲೋಟದ ಮಾತೆತ್ತಲಿಲ್ಲ. ಮನೆಯ ಅಜ್ಜಿ ರಾತ್ರಿಯಿಡೀ ಬಿಸಿನೀರು ಕಾಯಿಸಿಕೊಟ್ಟರು, ಹೊರಡುವಾಗ ಎರಡು ಸೇರು ರಾಗಿ ಕಟ್ಟಿಕೊಟ್ಟರು ಎಂದಷ್ಟೇ ಹೇಳಿದರು. ಅದೂ ನಿಜವೇ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾವು ತಲೆಯೆತ್ತಲಾರದೆ ಹೋದೆವು.

ಆರಾಧನೆ ಮುಗಿದು ಅಂಗಳದಲ್ಲಿ ಎಲ್ಲರಿಗೂ ಕಾಫಿ ಕೊಡುತ್ತಿದ್ದರು. ಹತ್ತಿರ ಹೋಗಿ ನಮಸ್ಕರಿಸಿ, ಊರಿನ ಹೆಸರು ಹೇಳಿದೆವು. ಕೈ ಹಿಡಿದುಕೊಂಡು ಬಹಳ ಹೊತ್ತು ಮುಖ ನೋಡಿದರು.

“ನೀರು ಹಾಕಿದ ಹುಡುಗ ನೀನೇನಪ್ಪಾ?”

ಹೌದೆಂದೆವು. ಬೇರೆ ಮಾತು ಹೊರಡಲಿಲ್ಲ.

“ಕೂಸು ಹೇಗಿದೆ?”

ಕೂಸಿಗೆ 60 ದಾಟಿತು ತಾಯಿ, ಚನ್ನರಾಯಪಟ್ಟಣದಲ್ಲಿ ಮನೆ ಕಟ್ಟಿಕೊಂಡಿದ್ದಾನೆ ಎಂದೆವು. ಅವರು ನಕ್ಕು, ಒಮ್ಮೆ ಕರೆದುಕೊಂಡು ಬಾ, ನೋಡಬೇಕು ಎಂದರು.

ಬರುವ ಭಾನುವಾರ ತಮ್ಮನನ್ನು ಕರೆದುಕೊಂಡು ಹೋಗುವುದೆಂದು ಗೊತ್ತಾಗಿದೆ. ಹಣ್ಣು, ಸೀರೆ ಎಲ್ಲ ತಂದಿಟ್ಟಿದ್ದಾನೆ. ಲೋಟದ ವಿಷಯವನ್ನು ಅವನಿಗೆ ಇನ್ನೂ ಹೇಳಿಲ್ಲ.