ಬೇಡವೆನ್ನುವ ಹಕ್ಕು ಊರಿಗಿರಲಿ

ನೆಲದಡಿಯ ಬಂಡೆಯನ್ನು ಸೀಳಿ ಅನಿಲ ತೆಗೆಯುವುದು ಬೇಡವೆಂದು ಅಮೆರಿಕದ ಎರಡು ಊರುಗಳು ನಿರ್ಧರಿಸಿದವು. ನ್ಯೂಯಾರ್ಕ್ ರಾಜ್ಯದ ಡ್ರೈಡನ್ ಪಟ್ಟಣದ ನಿರ್ಧಾರವನ್ನು 2014ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿಯಿತು. ಟೆಕ್ಸಾಸ್ ರಾಜ್ಯದ ಡೆಂಟನ್ ನಗರದ ನಿರ್ಧಾರವನ್ನು 2015ರಲ್ಲಿ ಅಲ್ಲಿಯ ಶಾಸನಸಭೆ ಅಳಿಸಿಹಾಕಿತು. ಈ ಉದ್ಯಮಕ್ಕೆ ಸರ್ಕಾರ ಮಿತಿ ಹಾಕಬೇಕೇ ಎಂಬುದು ಒಂದು ಪ್ರಶ್ನೆ. ಊರು ತಾನೇ ಹಾಕಿಕೊಂಡ ಮಿತಿಯನ್ನು ಸರ್ಕಾರ ಕಿತ್ತುಹಾಕಬಹುದೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್, ಅಥವಾ ಬಳಕೆಯ ಮಾತಿನಲ್ಲಿ ಫ್ರ್ಯಾಕಿಂಗ್, ಎಂದರೇನು? ನೆಲದಾಳದ ಶೇಲ್ ಎಂಬ ಪದರುಶಿಲೆಯಲ್ಲಿ ಅನಿಲ ಸಿಕ್ಕಿಕೊಂಡಿರುತ್ತದೆ. ಬಾವಿ ಕೊರೆದ ಮಾತ್ರಕ್ಕೆ ಅದು ಹೊರಬಾರದು. ಆದುದರಿಂದ ಒಂದೆರಡು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಬಾವಿಯನ್ನು ಅಡ್ಡಲಾಗಿ ತಿರುಗಿಸಿ, ನೀರು, ಮರಳು ಮತ್ತು ರಾಸಾಯನಿಕಗಳ ಮಿಶ್ರಣವನ್ನು ಭಾರೀ ಒತ್ತಡದಿಂದ ನುಗ್ಗಿಸುತ್ತಾರೆ. ಶಿಲೆ ಬಿರಿಯುತ್ತದೆ. ಬಿರುಕು ಮುಚ್ಚದಂತೆ ಮರಳು ತಡೆಯುತ್ತದೆ. ಆಗ ಅನಿಲ ಮೇಲೇರುತ್ತದೆ. ಒಂದು ಬಾವಿಗೆ ಒಂದೂವರೆ ಕೋಟಿ ಲೀಟರ್‌ಗೂ ಮಿಕ್ಕಿ ನೀರು ಬೇಕಾಗುವುದುಂಟು. ಹಿಂದಿರುಗಿ ಬರುವ ನೀರು ಉಪ್ಪು, ಲೋಹ ಮತ್ತು ನೆಲದಾಳದ ವಿಕಿರಣಶೀಲ ಧಾತುಗಳನ್ನು ಹೊತ್ತು ತರುತ್ತದೆ.

ಇಂತಹ ಕೆಲಸಕ್ಕೆ ಬಿಗಿಯಾದ ಕಾನೂನು ಇರಬೇಕಾಗಿತ್ತು. ಆದರೆ ನಡೆದದ್ದು ಬೇರೆ. ನೆಲದೊಳಕ್ಕೆ ದ್ರವಗಳನ್ನು ನುಗ್ಗಿಸುವುದನ್ನು ಅಮೆರಿಕದಲ್ಲಿ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ ನಿಯಂತ್ರಿಸುತ್ತದೆ. 2005ರ ಇಂಧನ ನೀತಿ ಕಾಯಿದೆಯು, ಡೀಸೆಲ್ ಬಳಸುವ ಸಂದರ್ಭವೊಂದನ್ನು ಬಿಟ್ಟು, ಫ್ರ್ಯಾಕಿಂಗನ್ನು ಆ ನಿಯಂತ್ರಣದಿಂದ ಹೊರಗಿಟ್ಟಿತು. ಅಂದಿನ ಉಪಾಧ್ಯಕ್ಷ ಡಿಕ್ ಚೇನಿ ಹಿಂದೆ ಮುಖ್ಯಸ್ಥರಾಗಿದ್ದ ಕಂಪನಿಯ ಹೆಸರು ಹಿಡಿದು, ಟೀಕಾಕಾರರು ಇದನ್ನು ‘ಹ್ಯಾಲಿಬರ್ಟನ್ ಕಂಡಿ’ ಎಂದು ಕರೆದರು. ಹನ್ನೊಂದು ವರ್ಷಗಳ ಬಳಿಕ, 2016ರ ಡಿಸೆಂಬರಿನಲ್ಲಿ, ಕೆಲವು ಸನ್ನಿವೇಶಗಳಲ್ಲಿ ಫ್ರ್ಯಾಕಿಂಗ್ ಚಟುವಟಿಕೆಗಳು ಕುಡಿಯುವ ನೀರಿನ ಮೂಲಗಳನ್ನು ಬಾಧಿಸಬಲ್ಲವೆಂದು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯೇ ವರದಿ ಮಾಡಿತು.

ದೇಶದ ಬೇಲಿಯಲ್ಲಿ ಕಂಡಿ ಬಿದ್ದಾಗ ಊರುಗಳು ತಮ್ಮ ಬೇಲಿ ತಾವೇ ಕಟ್ಟಲು ಹೊರಟವು. ಡ್ರೈಡನ್ ಮಂಡಳಿಯು 2011ರ ಆಗಸ್ಟಿನಲ್ಲಿ ಭೂಬಳಕೆಯ ನಿಯಮವನ್ನು ತಿದ್ದಿ, ತನ್ನ ಮೇರೆಯೊಳಗೆ ಅನಿಲ ತೆಗೆಯುವುದನ್ನು ನಿಷೇಧಿಸಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಅನಿಲೋದ್ಯಮದ ನಿಯಂತ್ರಣ ರಾಜ್ಯಕ್ಕೆ ಮಾತ್ರ ಸೇರಿದ್ದೆಂಬುದು ಅದರ ವಾದವಾಗಿತ್ತು. 2014ರ ಜೂನ್ 30ರಂದು ಐದು–ಎರಡರ ಬಹುಮತದಿಂದ ತೀರ್ಪು ಊರಿನ ಪರವಾಗಿ ಬಂತು. ಬಾವಿಯನ್ನು ಹೇಗೆ ಕೊರೆಯಬೇಕೆಂಬುದನ್ನು ರಾಜ್ಯ ಹೇಳಲಿ, ಊರಿನ ನೆಲದಲ್ಲಿ ಅದಕ್ಕೆ ಎಡೆಯುಂಟೇ ಎಂಬುದನ್ನು ಊರು ಹೇಳಬಹುದು ಎಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವೂ ನಿಷೇಧ ಘೋಷಿಸಿತು. 2020ರಲ್ಲಿ ಅದು ಶಾಸನವಾಯಿತು.

ಡೆಂಟನ್ನಿನ ಕತೆ ಇದಕ್ಕೆ ತದ್ವಿರುದ್ಧ. 2014ರ ನವೆಂಬರಿನ ಮತದಾನದಲ್ಲಿ ಸುಮಾರು ಶೇ. 59ರಷ್ಟು ಮತಗಳು ನಿಷೇಧದ ಪರವಾಗಿ ಬಿದ್ದವು. ಆರೇ ತಿಂಗಳಲ್ಲಿ, ಇಂತಹ ನಿಷೇಧ ಹೇರುವ ಅಧಿಕಾರ ಊರುಗಳಿಗಿಲ್ಲವೆಂಬ ಕಾಯಿದೆಯನ್ನು ಟೆಕ್ಸಾಸ್ ಸರ್ಕಾರ ಜಾರಿಗೆ ತಂದಿತು. ನಗರಸಭೆ ಜೂನ್ ತಿಂಗಳಲ್ಲಿ ತನ್ನ ನಿಷೇಧವನ್ನು ತಾನೇ ಹಿಂತೆಗೆದುಕೊಳ್ಳಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಎದುರುವಾದಕ್ಕೂ ಕಿವಿಗೊಡುವುದು ನ್ಯಾಯ. ಉರಿಸಿದಾಗ ಅನಿಲ ಕಲ್ಲಿದ್ದಲಿನ ಅರ್ಧದಷ್ಟೇ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಅಗ್ಗದ ಅನಿಲದಿಂದಾಗಿ ಅಮೆರಿಕದಲ್ಲಿ ಅನೇಕ ಕಲ್ಲಿದ್ದಲು ಸ್ಥಾವರಗಳು ಮುಚ್ಚಿದವು. ಆದರೆ ಉರಿಯುವ ಮೊದಲೇ ಸೋರಿಹೋಗುವ ಮೀಥೇನ್ ಆ ಲಾಭವನ್ನು ತಿನ್ನುತ್ತದೆ. ಅಮೆರಿಕದಲ್ಲಿ ನೆಲದಡಿಯ ಖನಿಜ ಬಹುಮಟ್ಟಿಗೆ ಖಾಸಗಿಯವರದು. ನಿಷೇಧದಿಂದ ಗುತ್ತಿಗೆಯ ಹಣ ಕಳೆದುಕೊಂಡ ಬಡ ರೈತನ ನೋವೂ ಸುಳ್ಳಲ್ಲ. ಊರಿಗೊಂದು ನಿಯಮವಾದರೆ ಉದ್ಯಮ ನಡೆಯುವುದೆಂತು, ನೆಲದಡಿಯ ಅನಿಲಕ್ಕೆ ಊರ ಗಡಿಯುಂಟೇ ಎಂದೂ ಕೇಳುತ್ತಾರೆ.

ನೀರಿಗೂ ಗಡಿಯಿಲ್ಲ. ಡೆಲವೇರ್ ನದಿಯ ಮೂಲ ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿದೆ. ಆ ಕಣಿವೆಯ ನೀರನ್ನು ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಕುಡಿಯುತ್ತಾರೆ. ನಾಲ್ಕು ರಾಜ್ಯಗಳು ಮತ್ತು ಕೇಂದ್ರ ಸರ್ಕಾರ ಸೇರಿರುವ ನದಿ ಆಯೋಗವು 2021ರ ಫೆಬ್ರವರಿಯಲ್ಲಿ ಇಡೀ ಕಣಿವೆಯಲ್ಲಿ ದೊಡ್ಡ ಪ್ರಮಾಣದ ಫ್ರ್ಯಾಕಿಂಗನ್ನು ನಿಷೇಧಿಸಿತು. ಬೆಟ್ಟದ ಊರಿನ ಬಾವಿ ಕೆಟ್ಟರೆ ಬಯಲಿನ ನಗರದ ಬಿಂದಿಗೆಯೂ ಕೆಡುತ್ತದೆಂಬ ತಿಳಿವಳಿಕೆ ಅಲ್ಲಿ ಕಾನೂನಾಗಿದೆ.

ಭಾರತದಲ್ಲಿ ನೆಲದಡಿಯ ತೈಲ–ಅನಿಲಗಳು ಸರ್ಕಾರದ ಸ್ವತ್ತು. ಇಲ್ಲಿ ಊರಿನ ಮಾತು ಇನ್ನೂ ಸಣ್ಣದು. 2013ರ ಅಕ್ಟೋಬರಿನಲ್ಲಿ ಕೇಂದ್ರವು ಸರ್ಕಾರಿ ತೈಲ ಕಂಪನಿಗಳಿಗೆ ಶೇಲ್ ಅನಿಲದ ಶೋಧಕ್ಕೆ ಅನುವು ಮಾಡಿಕೊಟ್ಟಾಗ, ಆಯ್ದ ಪ್ರದೇಶಗಳಲ್ಲಿ ಕಾವೇರಿಯ ತಗ್ಗುಪ್ರದೇಶವೂ ಇತ್ತು. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ನದಿ ಕಡಲು ಸೇರುವ ಆ ಭತ್ತದ ನಾಡಿನಲ್ಲಿ ತೈಲ–ಅನಿಲ ಯೋಜನೆಗಳ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. 2020ರಲ್ಲಿ ತಮಿಳುನಾಡು ಅದನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ, ಶೇಲ್ ಅನಿಲವೂ ಸೇರಿದಂತೆ ಹೊಸ ಶೋಧಗಳನ್ನು ಶಾಸನದ ಮೂಲಕ ತಡೆಯಿತು. ಆದರೆ ಆಗಲೇ ನಡೆಯುತ್ತಿದ್ದ ಯೋಜನೆಗಳನ್ನು ಆ ಶಾಸನ ಮುಟ್ಟಲಿಲ್ಲ. ತಡವಾಗಿ ಬರುವ ಕಾನೂನಿನ ಮಿತಿ ಇದು.

ಆದುದರಿಂದ ಕೇಳಬೇಕಾದುದು ಇಷ್ಟು. ಸರ್ಕಾರದ ಕಾನೂನು ಕನಿಷ್ಠ ಮಿತಿಯನ್ನು ಹಾಕಲಿ, ಅದಕ್ಕಿಂತ ಬಿಗಿಯಾದ ಮಿತಿ ಹಾಕಿಕೊಳ್ಳುವ ಹಕ್ಕು ಊರಿಗೆ ಉಳಿಯಲಿ. ನದಿಯ ಕೆಳಗಿನವರ ಮಾತಿಗೂ ಅಲ್ಲಿ ಬೆಲೆಯಿರಲಿ. ಬಾವಿಗೆ ಸುರಿಯುವ ರಾಸಾಯನಿಕಗಳ ಪಟ್ಟಿ ಜನರ ಮುಂದಿರಲಿ. ಕಾಯಿದೆಯನ್ನು ಇನ್ನೊಂದು ಅಧಿವೇಶನದಲ್ಲಿ ತಿದ್ದಬಹುದು. ಒಮ್ಮೆ ಬಿರಿದ ಬಂಡೆಯನ್ನು ಕೂಡಿಸುವ ತಿದ್ದುಪಡಿ ಯಾವ ಶಾಸನಸಭೆಯಲ್ಲಿಯೂ ಇಲ್ಲ. ಊರನ್ನು ಕೇಳುವುದಾದರೆ ಕೊರೆಯುವ ಮೊದಲೇ ಕೇಳಬೇಕು.