ಚಳಿಗಾಲದ ಪೆಟ್ರೋಲು: ತಪ್ಪು ಯಾರದು?

ಅಮೆರಿಕ, ಕೆನಡಾಗಳಂಥ ಶೀತದೇಶಗಳಲ್ಲಿ, ಹೆಚ್ಚು ವೇಗಕ್ಕಾಗಿ ಎಂಜಿನನ್ನು ಟ್ಯೂನ್ ಮಾಡಿಸಿದ ಕಾರುಗಳ ಮೇಲೆ ಚಳಿಗಾಲದಲ್ಲಿ ಒಂದು ದೂರು ತಪ್ಪದು: ಅವು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತವೆ ಎಂದು. ದೂರು ಸುಳ್ಳಲ್ಲ. ಆದರೆ ತಪ್ಪನ್ನೆಲ್ಲ ಟ್ಯೂನಿಂಗಿನ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, 25 ಡಿಗ್ರಿ ಸೆಲ್ಸಿಯಸಿನಲ್ಲಿ ಊರೊಳಗೆ ಓಡುವ ಸಾಮಾನ್ಯ ಕಾರಿನ ಮೈಲೇಜು, ಉಷ್ಣತೆ ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿದಾಗ ಸುಮಾರು ಶೇಕಡ 15ರಷ್ಟು ಕುಗ್ಗುತ್ತದೆ. ಐದಾರು ಕಿಲೋಮೀಟರಿನ ಸಣ್ಣ ಓಡಾಟದಲ್ಲಿ ಶೇಕಡ 24ರವರೆಗೂ ಕುಗ್ಗಬಹುದು. ಎಂಜಿನಿನ ಎಣ್ಣೆ ಮಂದವಾಗುತ್ತದೆ; ಟಯರಿನ ಒತ್ತಡ ಇಳಿಯುತ್ತದೆ; ದಟ್ಟವಾದ ತಣ್ಣನೆಯ ಗಾಳಿ ಕಾರನ್ನು ಹೆಚ್ಚಾಗಿ ತಡೆಯುತ್ತದೆ; ಅಲ್ಲಿ ಚಳಿಗಾಲಕ್ಕೆಂದು ಮಾರುವ ಪೆಟ್ರೋಲಿನಲ್ಲಿ ಶಕ್ತಿಯೂ ತುಸು ಕಡಮೆ. ಇವು ಯಾವ ಕಾರನ್ನೂ ಬಿಟ್ಟವಲ್ಲ.

ಹಾಗೆಂದು ವೇಗದ ಕಾರು ನಿರ್ದೋಷಿಯೆ? ಅಲ್ಲ. ಟರ್ಬೋ ಎಂಜಿನನ್ನು ಬಲವಾಗಿ ದುಡಿಸಿದಾಗ, ಅದರ ಕಾವನ್ನು ಹಿಡಿತದಲ್ಲಿಡಲು ಪೆಟ್ರೋಲು ಹೆಚ್ಚಾಗಿ ಸುರಿಯಬೇಕಾಗುತ್ತದೆ. ಆದರೆ ಪೆಡಲನ್ನು ತುಳಿಯುವ ಕಾಲು ಒಡೆಯನದಲ್ಲವೆ? ಮನೆಯ ಮುಂದೆ ಕಾಲುಗಂಟೆ ಎಂಜಿನನ್ನು ಸುಮ್ಮನೆ ಓಡಿಸಿ ಬಿಸಿಮಾಡುವವನೂ ಅವನೇ. ಅರ್ಧ ನಿಮಿಷ ಕಾದು ಮೆಲ್ಲಗೆ ಹೊರಟರೆ ಎಂಜಿನು ಇನ್ನೂ ಬೇಗ ಬಿಸಿಯಾಗುತ್ತದೆ. ನಿಂತ ಕಾರಿನ ಮೈಲೇಜು ಸೊನ್ನೆಯೇ ಸರಿ.

ಕಾಸಿಗೆ ಕಾಸು ಕೂಡಿಸುವ ಮನೆಯಿಂದ ಬಂದ ನನಗೆ, ತಪ್ಪು ಲೆಕ್ಕದ ಮೇಲೆ ಮಾಡುವ ಖರ್ಚು ಎರಡು ಬಾರಿ ಮಾಡುವ ನಷ್ಟವೆಂದೇ ತೋರುತ್ತದೆ. ಬೇಸಗೆಯ ಮೈಲೇಜನ್ನು ನೆನೆದು, ಮತ್ತೆ ಹಣ ತೆತ್ತು ಟ್ಯೂನಿಂಗನ್ನು ತೆಗೆಸುವ ಮುನ್ನ, ಒಡೆಯನು ಈ ಚಳಿಗಾಲದ ಲೆಕ್ಕವನ್ನು ಕಳೆದ ಚಳಿಗಾಲದ ಲೆಕ್ಕದೊಡನೆ ಹೋಲಿಸಲಿ. ತೀರ್ಪು ಆಮೇಲೆ ಬರಲಿ.