ಸರಾಸರಿಯೂ ಸಾಮರ್ಥ್ಯವೂ

ಆಟವನ್ನು ಕಣ್ಣಿನಿಂದ ನೋಡುವವರು ಕೆಲವರು, ಅಂಕಿಗಳಿಂದ ನೋಡುವವರು ಕೆಲವರು. ಈಗಿನ ಕಾಲದಲ್ಲಿ ಎರಡನೆಯವರ ಸಂಖ್ಯೆಯೇ ಹೆಚ್ಚುತ್ತಿರುವಂತೆ ತೋರುತ್ತದೆ. ಕ್ರಿಕೆಟ್ ಪಂದ್ಯವೊಂದು ಮುಗಿಯಿತೆಂದರೆ ಯಾರ ಸರಾಸರಿ ಎಷ್ಟಾಯಿತು, ಮುಂದಿನ ಪಂದ್ಯದಲ್ಲಿ ಯಾರು ಎಷ್ಟು ರನ್ನು ಹೊಡೆದಾರು ಎಂಬ ಲೆಕ್ಕಾಚಾರ ಮನೆಮನೆಗಳಲ್ಲಿ ನಡೆಯುತ್ತದೆ. ನಮ್ಮ ಬಾಲಿಕೆಯರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಗಣಿತದ ಪಾಠದಲ್ಲಿ ಸರಾಸರಿಯೆಂದರೆ ಮುಖ ಬಾಡಿಸಿಕೊಳ್ಳುವ ಹುಡುಗಿಯು ತನ್ನ ಮೆಚ್ಚಿನ ಆಟಗಾರ್ತಿಯ ಸರಾಸರಿಯನ್ನು ದಶಾಂಶದ ಎರಡು ಸ್ಥಾನಗಳ ತನಕ ಹೇಳಬಲ್ಲಳು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅಂಕಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ವಿಚಾರಿಸದೆ ಅವುಗಳನ್ನು ನಂಬುವುದು ವಿವೇಕವಲ್ಲ. ಈ ವಿಷಯವಾಗಿ ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಕೆಲವು ಮಾತುಗಳನ್ನು ಅರಿಕೆ ಮಾಡಲಿಚ್ಛಿಸುತ್ತೇವೆ. ವಿಷಯವು ಆಟದ್ದಾದರೂ ಅದರ ಫಲವು ಆಟದ ಬಯಲಿಗೆ ಮಾತ್ರ ಸೇರಿದುದಲ್ಲ.

ಮೊದಲು ಅಳತೆಯ ಕ್ರಮವನ್ನು ನೋಡುವ. ಬ್ಯಾಟು ಹಿಡಿದವರು ಹೊಡೆದ ಒಟ್ಟು ರನ್ನುಗಳನ್ನು ಅವರು ಔಟಾದ ಸಾರಿಗಳಿಂದ ಭಾಗಿಸಿದರೆ ಬರುವ ಲಬ್ಧವೇ ಸರಾಸರಿ. ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ 52 ಟೆಸ್ಟ್ ಪಂದ್ಯಗಳಲ್ಲಿ 80 ಇನ್ನಿಂಗ್ಸ್ ಆಡಿ, 10 ಸಾರಿ ಔಟಾಗದೆ ಉಳಿದು, 6,996 ರನ್ನುಗಳನ್ನು ಗಳಿಸಿದನು. ಇದನ್ನು 70ರಿಂದ ಭಾಗಿಸಿದರೆ 99.94 ಬರುತ್ತದೆ. 1948ನೆಯ ಇಸವಿಯ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ತನ್ನ ಕಡೆಯ ಇನ್ನಿಂಗ್ಸಿಗೆ ಬಂದಾಗ ಆತನಿಗೆ ಇನ್ನು 4 ರನ್ನು ದೊರೆತಿದ್ದರೆ ಸರಾಸರಿ ಸರಿಯಾಗಿ ನೂರಾಗುತ್ತಿತ್ತು. ಹಾಲಿಸ್ ಎಂಬ ಬೌಲರ್ ಎಸೆದ ಎರಡನೆಯ ಚೆಂಡಿಗೇ ಆತನು ಸೊನ್ನೆಗೆ ಔಟಾದನು. ಆದರೂ 20 ಟೆಸ್ಟುಗಳಿಗೆ ಮೇಲ್ಪಟ್ಟು ಆಡಿದ ಬೇರೆ ಯಾವ ಪುರುಷನ ಸರಾಸರಿಯೂ ಆತನದರ ಮೂರರಲ್ಲಿ ಎರಡು ಪಾಲನ್ನು ಮೀರಿಲ್ಲ. ಇಂಥ ಹಿರಿಮೆಯನ್ನು ಬಣ್ಣನೆಯ ಮಾತುಗಳಿಂದ ತಿಳಿಸುವುದು ಕಷ್ಟ. ಒಂದು ಅಂಕಿಯು ಅದನ್ನು ತಿಳಿಸಿಬಿಡುತ್ತದೆ. ಆದುದರಿಂದ ನಾವು ಅಂಕಿಗಳ ವೈರಿಗಳಲ್ಲ.

ಅಷ್ಟೇ ಅಲ್ಲ, ಲೆಕ್ಕವು ಸರಿಯಾಗಿದ್ದರೆ ಅದು ನ್ಯಾಯವನ್ನೂ ಒದಗಿಸುತ್ತದೆ. 1992ರಲ್ಲಿ ಸಿಡ್ನಿಯಲ್ಲಿ ನಡೆದ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ದಕ್ಷಿಣ ಆಫ್ರಿಕದವರಿಗೆ 13 ಚೆಂಡುಗಳಲ್ಲಿ 22 ರನ್ನು ಬೇಕಾಗಿದ್ದಾಗ ಮಳೆ ಬಂದಿತು. ಮಳೆ ನಿಂತ ಮೇಲೆ ಅಂದಿನ ನಿಯಮದ ಪ್ರಕಾರ ಲೆಕ್ಕ ಹಾಕಿದಾಗ ಒಂದೇ ಚೆಂಡಿನಲ್ಲಿ 21 ರನ್ನು ಹೊಡೆಯಬೇಕೆಂದಾಯಿತು! ಈ ಅನ್ಯಾಯವನ್ನು ಕಂಡ ಫ್ರಾಂಕ್ ಡಕ್ವರ್ತ್ ಮತ್ತು ಟೋನಿ ಲೂಯಿಸ್ ಎಂಬ ಆಂಗ್ಲ ಸಂಖ್ಯಾಶಾಸ್ತ್ರಜ್ಞರಿಬ್ಬರು, ಒಂದು ತಂಡಕ್ಕೆ ಉಳಿದಿರುವ ಓವರುಗಳನ್ನೂ ವಿಕೆಟ್ಟುಗಳನ್ನೂ ಕೂಡಿಸಿ ಅದರ ಬಂಡವಾಳವೆಂದೆಣಿಸಿ, ಮಳೆಯಿಂದ ಆ ಬಂಡವಾಳದಲ್ಲಿ ಎಷ್ಟು ಪಾಲು ನಷ್ಟವಾಯಿತೋ ಅದಕ್ಕೆ ತಕ್ಕಂತೆ ಗುರಿಯನ್ನು ತಿದ್ದುವ ಕ್ರಮವನ್ನು ಕಂಡುಹಿಡಿದರು. 1997ನೆಯ ಇಸವಿಯ ಮೊದಲ ದಿನ ಹರಾರೆಯಲ್ಲಿ ಅದು ಮೊದಲ ಸಾರಿ ಉಪಯೋಗಕ್ಕೆ ಬಂದಿತು. ಇಲ್ಲಿ ಗಮನಿಸತಕ್ಕದ್ದೇನಂದರೆ, ಒಬ್ಬರು ಎಷ್ಟು ಗಳಿಸಿದರೆಂಬುದನ್ನು ಮಾತ್ರವೇ ಅಲ್ಲದೆ, ಗಳಿಸುವುದಕ್ಕೆ ಅವರಿಗೆ ಎಷ್ಟು ಅವಕಾಶವಿತ್ತೆಂಬುದನ್ನೂ ಎಣಿಸಿದಾಗಲೇ ಲೆಕ್ಕವು ನ್ಯಾಯವಾಯಿತು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಮುಂದೆ ಇದಕ್ಕೆ ಮರಳಿ ಬರುವೆವು.

ಇನ್ನು ಅಳತೆಯ ಕುಂದುಗಳು. ಸರಾಸರಿಯು ಔಟಾಗದೆ ಉಳಿದವರ ಮೇಲೆ ವಿಶೇಷ ದಯೆ ತೋರಿಸುತ್ತದೆ. ಕಡೆಗೆ ಬಂದು ಹತ್ತು ಹತ್ತು ರನ್ನು ಹೊಡೆದು ಔಟಾಗದೆ ನಿಲ್ಲುವವರ ಸರಾಸರಿಯು ಹಿಗ್ಗುತ್ತದೆ. ಹೊಸ ಚೆಂಡಿನ ಏಟನ್ನು ಮೊದಲು ತಡೆದುಕೊಂಡವರ ಸರಾಸರಿಯು ಕುಗ್ಗುತ್ತದೆ. ಓವರುಗಳ ಮಿತಿಯುಳ್ಳ ಪಂದ್ಯಗಳಲ್ಲಿ ನೂರು ಚೆಂಡುಗಳಿಗೆ ಎಷ್ಟು ರನ್ನು ಎಂಬ ಸ್ಟ್ರೈಕ್ ರೇಟನ್ನೂ ನೋಡಬೇಕಾಗುತ್ತದೆ; ಯಾಕಂದರೆ ಅಲ್ಲಿ ಔಟಾಗದಿರುವುದೊಂದೇ ಗುಣವಲ್ಲ. ಎದುರಾಳಿಯ ಬಲ, ನೆಲದ ಸ್ವಭಾವ, ಕೈಜಾರಿದ ಕ್ಯಾಚು, ಜೊತೆಗಾರ್ತಿಗೆ ಹೇಳಿದ ಧೈರ್ಯದ ಮಾತು, ಇವು ಯಾವುವೂ ಸರಾಸರಿಯ ಕಾಲಮಿನಲ್ಲಿ ಕಾಣಿಸುವುದಿಲ್ಲ.

ಆಗಿಹೋದುದನ್ನು ಅಳೆಯುವುದೇ ಇಷ್ಟು ಕಷ್ಟವಾದರೆ, ಆಗಲಿರುವುದನ್ನು ಮುಂತಿಳಿಸುವುದು ಇನ್ನೂ ಕಷ್ಟ. ನೂರಕ್ಕೆ ಸಮೀಪಿಸಿದ ಆ ಬ್ರಾಡ್ಮನ್ನನೇ 1928ರಲ್ಲಿ ಬ್ರಿಸ್ಬೇನಿನಲ್ಲಿ ತನ್ನ ಮೊದಲ ಟೆಸ್ಟ್ ಆಡಿದಾಗ 18 ಮತ್ತು 1 ರನ್ನು ಮಾತ್ರ ಗಳಿಸಿದನು. ಎರಡನೆಯ ಟೆಸ್ಟಿನಲ್ಲಿ ಆತನನ್ನು ಹನ್ನೆರಡನೆಯವನನ್ನಾಗಿ ಹೊರಗೆ ಕುಳ್ಳಿರಿಸಿದರು. ಮೂರನೆಯ ಟೆಸ್ಟಿಗೆ ಮರಳಿ ಬಂದು 79 ಮತ್ತು 112 ರನ್ನು ಹೊಡೆದನು. ಮೊದಲ ಪಂದ್ಯದ ಸರಾಸರಿಯಾದ 9.50ನ್ನು ನಂಬಿ ಆತನ ಹೆಸರನ್ನು ಶಾಶ್ವತವಾಗಿ ಅಳಿಸಿಬಿಟ್ಟಿದ್ದರೆ ಕ್ರಿಕೆಟ್ಟಿನ ಚರಿತ್ರೆಯೇ ಬೇರೆಯಾಗುತ್ತಿತ್ತು.

ಇದು ಹಳೆಯ ಕಥೆಯೆಂದು ಯಾರೂ ತಳ್ಳಿಹಾಕಬಾರದು. 2025ರ ಮಹಿಳಾ ವಿಶ್ವಕಪ್ಪಿನಲ್ಲಿ, ಮಂಗಳೂರು ಮೂಲದ ಕ್ರೈಸ್ತ ಕುಟುಂಬದಲ್ಲಿ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಜೆಮಿಮಾ ರಾಡ್ರಿಗಸ್ ಮೊದಲ ನಾಲ್ಕು ಇನ್ನಿಂಗ್ಸುಗಳಲ್ಲಿ 0, 32, 0, 33 ರನ್ನು ಗಳಿಸಿದಳು. ಸರಾಸರಿ 16.25. ಇಂಗ್ಲೆಂಡಿನ ಎದುರಿನ ಪಂದ್ಯದಲ್ಲಿ ಆಕೆಗೆ ಸ್ಥಾನ ದೊರೆಯಲಿಲ್ಲ. ಮರಳಿ ಬಂದಾಗ ನ್ಯೂಜಿಲೆಂಡಿನ ಎದುರು 76, ಅಕ್ಟೋಬರ್ 30ರ ಉಪಾಂತ್ಯದಲ್ಲಿ ಆಸ್ಟ್ರೇಲಿಯದ ಎದುರು 127, ಎರಡರಲ್ಲಿಯೂ ಔಟಾಗದೆ ಉಳಿದಳು. ಆಸ್ಟ್ರೇಲಿಯದವರು ಕೊಟ್ಟ 339ರ ಗುರಿಯನ್ನು ಭಾರತವು ಮುಟ್ಟಿದ್ದು ಈ ಆಟದಿಂದ. ಫೈನಲಿನಲ್ಲಿ 24 ಸೇರಿ ಆಕೆಯ ಮೊತ್ತ 292, ಸರಾಸರಿ 58.40. ನವೆಂಬರ್ 2ರಂದು ಭಾರತದ ಮಹಿಳೆಯರು ಮೊದಲ ಸಾರಿ ವಿಶ್ವಕಪ್ಪನ್ನು ಎತ್ತಿದರು. ಉಪಾಂತ್ಯದ ಬಳಿಕ ಕಣ್ಣೀರಿನೊಡನೆ ದೇವರಿಗೆ ಸ್ತೋತ್ರ ಸಲ್ಲಿಸಿದ ಆಕೆ, ಆ ದಿನಗಳಲ್ಲಿ ತಾನು ಅನುಭವಿಸಿದ ಮನೋವ್ಯಥೆಯನ್ನು ಮರೆಮಾಚದೆ ಹೇಳಿದಳು. 16.25 ಎಂಬ ಅಂಕಿಯಲ್ಲಿ ಆ ವ್ಯಥೆಯೂ ಇರಲಿಲ್ಲ, 127ರ ಸೂಚನೆಯೂ ಇರಲಿಲ್ಲ.

ಹಾಗಾದರೆ ಮುಂದಿನದನ್ನು ಊಹಿಸುವ ಶಾಸ್ತ್ರವೇ ಸುಳ್ಳೋ? ಅಲ್ಲ. ಅದು ಸಹನೆಯನ್ನು ಕಲಿಸುವ ಶಾಸ್ತ್ರ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿದ್ವಾಂಸನು ತಾಯಿತಂದೆಗಳ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ನೋಡಿ, ಬಹಳ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರವಾಗದೆ, ಬಹಳ ಗಿಡ್ಡರ ಮಕ್ಕಳು ಅವರಷ್ಟು ಗಿಡ್ಡರಾಗದೆ, ಎಲ್ಲರ ಸರಾಸರಿಯ ಕಡೆಗೆ ಸರಿಯುತ್ತಾರೆಂದು ತೋರಿಸಿದನು. ಆಟದಲ್ಲಿಯೂ ಹೀಗೆಯೇ. ಅಮೇರಿಕದ ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮಾರಿಸ್ ಎಂಬವರು 1970ರ ಬೇಸ್‌ಬಾಲ್ ಆಟಗಾರರಲ್ಲಿ 18 ಮಂದಿಯ ಮೊದಲ 45 ಸರದಿಗಳ ಅಂಕಿಗಳನ್ನು ತೆಗೆದುಕೊಂಡು ಉಳಿದ ಋತುವನ್ನು ಊಹಿಸಿ ನೋಡಿದರು. ಒಬ್ಬೊಬ್ಬನ ಸ್ವಂತ ಸರಾಸರಿಯನ್ನೇ ನಂಬಿದ ಊಹೆಗಿಂತ, ಅದನ್ನು ಎಲ್ಲರ ಸರಾಸರಿಯ ಕಡೆಗೆ ಎಳೆದು ಮಾಡಿದ ಊಹೆಯೇ ಒಟ್ಟಿನಲ್ಲಿ ಸತ್ಯಕ್ಕೆ ಬಹಳ ಸಮೀಪವಾಗಿತ್ತು. ಸರದಿಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಆದಕಾರಣ ಎರಡು ದಿನದ ಸೊನ್ನೆಗೆ ಎದೆಗುಂದುವುದೂ ಎರಡು ದಿನದ ಶತಕಕ್ಕೆ ತಲೆಯೆತ್ತುವುದೂ ಸರಿಯಲ್ಲವೆಂದು ಗಣಿತವೇ ಸಾಕ್ಷಿ ಹೇಳುತ್ತದೆ.

ಇದರಿಂದ ಹುಟ್ಟುವ ಮೋಸವೊಂದುಂಟು. ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞನಿಗೆ ಇಸ್ರೇಲಿನ ವಿಮಾನ ಶಿಕ್ಷಕನೊಬ್ಬನು, ಹೊಗಳಿದರೆ ಶಿಷ್ಯರು ಕೆಡುತ್ತಾರೆ, ಗದರಿಸಿದರೆ ಸುಧಾರಿಸುತ್ತಾರೆ ಎಂದು ವಾದಿಸಿದನಂತೆ. ನಿಜವೇನಂದರೆ, ಬಹಳ ಚೆನ್ನಾಗಿ ಮಾಡಿದ ದಿನದ ಮಾರನೆಯ ದಿನವು ಸಾಮಾನ್ಯವಾಗಿ ಸ್ವಲ್ಪ ಕೆಳಗಿರುತ್ತದೆ, ಬಹಳ ಕೆಟ್ಟ ದಿನದ ಮಾರನೆಯದು ಸ್ವಲ್ಪ ಮೇಲಿರುತ್ತದೆ. ಹೊಗಳಿಕೆಯೂ ಗದರಿಕೆಯೂ ಇಲ್ಲದಿದ್ದರೂ ಹಾಗೆಯೇ ಆಗುತ್ತಿತ್ತು. ನಮ್ಮ ಮನೆಗಳಲ್ಲಿ ಬೈಗುಳಕ್ಕೆ ದೊರೆತಿರುವ ಒಳ್ಳೆಯ ಹೆಸರಿನಲ್ಲಿ ಎಷ್ಟು ಪಾಲು ಈ ಭ್ರಮೆಯದೆಂದು ತಾಯಿತಂದೆಗಳು ಯೋಚಿಸಬೇಕು.

ಈಗ ಹಿಂದೆ ಬಿಟ್ಟ ಮಾತಿಗೆ ಬರುವೆವು. ಗಳಿಸುವುದಕ್ಕೆ ಅವಕಾಶವೇ ಇಲ್ಲದಿದ್ದವರ ಲೆಕ್ಕವನ್ನು ಯಾರು ಬರೆಯುವರು? ಮಹಿಳೆಯರ ಮೊದಲ ಟೆಸ್ಟ್ ಪಂದ್ಯವು 1934ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ನಡೆಯಿತು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಅವರ ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿಯವರು. ಭಾರತದ ಮಹಿಳೆಯೊಬ್ಬರು ಟೆಸ್ಟಿನಲ್ಲಿ ಹೊಡೆದ ಮೊದಲ ಶತಕವೂ ಅವರದೇ. ಅಂಥವರಿಗೆ 1976ರಿಂದ 1991ರ ತನಕ ದೊರೆತ ಟೆಸ್ಟುಗಳು 16 ಮಾತ್ರ. ಮಿಥಾಲಿ ರಾಜ್ 232 ಏಕದಿನ ಪಂದ್ಯಗಳಲ್ಲಿ 7,805 ರನ್ನು ಹೊಡೆದರು. ಆದರೆ 2002ರಿಂದ 2021ರ ತನಕ ಅವರು ಆಡಿದ ಟೆಸ್ಟುಗಳು 12. 2006ರಿಂದ 2014ರ ವರೆಗೂ, ಅಲ್ಲಿಂದ 2021ರ ವರೆಗೂ ಭಾರತದ ಮಹಿಳೆಯರಿಗೆ ನಡುವೆ ಒಂದು ಟೆಸ್ಟೂ ಇರಲಿಲ್ಲ. ಇದೇ ದೇಶದ ಸಚಿನ್ ತೆಂಡೂಲ್ಕರ್ 1989ರಿಂದ 2013ರ ತನಕ 200 ಟೆಸ್ಟುಗಳನ್ನು ಆಡಿದರು. ಇವರ ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೆಂಗಸರ ಮೊತ್ತ ಕಡಿಮೆಯೆಂದು ಹೇಳುವವನು ಮಳೆಯ ಲೆಕ್ಕವನ್ನು ಮರೆತು ಒಂದು ಚೆಂಡಿನಲ್ಲಿ 21 ರನ್ನು ಕೇಳಿದವನಂತೆಯೇ ಸರಿ. ಪುಸ್ತಕದಲ್ಲಿ ಅಂಕಿ ಇಲ್ಲವೆಂದರೆ ಸಾಮರ್ಥ್ಯವಿಲ್ಲವೆಂದಲ್ಲ. ಎಷ್ಟೋ ಸಾರಿ ಅವಕಾಶವಿಲ್ಲವೆಂದು ಅರ್ಥ.

ನಮ್ಮ ಬಾಲಿಕೆಯರು ಸತ್ಯವೇದದ ಪಾಠದಲ್ಲಿ ತಲಾಂತುಗಳ ಸಾಮ್ಯವನ್ನು ಕಲಿತಿದ್ದಾರೆ. ಧಣಿಯು ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತನ್ನು ಒಪ್ಪಿಸಿ ಹೋದನು. ಐದಕ್ಕೆ ಐದು ಸೇರಿಸಿದವನನ್ನೂ ಎರಡಕ್ಕೆ ಎರಡು ಸೇರಿಸಿದವನನ್ನೂ ಆತನು ಒಂದೇ ರೀತಿಯಾಗಿ ಮೆಚ್ಚಿಕೊಂಡನು. ಮೊತ್ತವನ್ನು ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಒಪ್ಪಿಸಿದುದೆಷ್ಟು, ಅದರಿಂದ ಬೆಳೆದುದೆಷ್ಟು ಎಂದು ನೋಡಿದನು. ಒಂದನ್ನು ನೆಲದಲ್ಲಿ ಹೂತಿಟ್ಟವನು ಮಾತ್ರ, ಔಟಾಗುವ ಭಯದಿಂದ ಬ್ಯಾಟನ್ನೇ ಎತ್ತದವನಂತೆ, ತನ್ನ ಸರಾಸರಿಯನ್ನು ಕಾಪಾಡಿಕೊಂಡು ಗದರಿಕೆ ಪಡೆದನು.

ಆಯ್ಕೆ ಮಾಡುವವರು ಯಾರನ್ನಾದರೂ ಆರಿಸಲೇಬೇಕಷ್ಟೆ, ಎಲ್ಲರಿಗೂ ಕೊನೆಯಿಲ್ಲದ ಅವಕಾಶ ಕೊಡಲಾದೀತೇ ಎಂದು ಕೆಲವರು ಕೇಳಬಹುದು. ಈ ಮಾತು ನ್ಯಾಯವಾದುದೇ. ಹನ್ನೊಂದು ಮಂದಿಯ ತಂಡದಲ್ಲಿ ಹನ್ನೆರಡನೆಯವರಿಗೆ ಸ್ಥಳವಿಲ್ಲ. ಆದರೆ ತಂಡದಿಂದ ಒಂದು ದಿನ ಬಿಡುವುದು ಬೇರೆ, ಇವಳಿಂದ ಆಗದು ಎಂದು ತೀರ್ಪು ಕೊಡುವುದು ಬೇರೆ. ಬ್ರಾಡ್ಮನ್ನನಿಗೂ ಜೆಮಿಮಾಳಿಗೂ ಮೊದಲನೆಯದಾಯಿತು, ಎರಡನೆಯದಾಗಲಿಲ್ಲ. ಅದರಿಂದಲೇ ಮುಂದಿನದು ನಡೆಯಿತು.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿಯಾದರೋ ಎರಡನೆಯದೇ ಬೇಗನೆ ಆಗಿಬಿಡುತ್ತದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕಗಳು ಕಡಿಮೆಯಾದವೆಂದರೆ, ಲೆಕ್ಕ ಇವಳ ತಲೆಗೆ ಹತ್ತದು ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಆಟವೇ ಕಾರಣವೆಂದು ಮೈದಾನದಿಂದ ಬಿಡಿಸುತ್ತಾರೆ. ಅದೇ ಅಂಕಗಳನ್ನು ತಂದ ಗಂಡುಮಗನಿಗೆ ಇನ್ನೊಂದು ಸರದಿ ದೊರೆಯುವುದೂ ಉಂಟು. ಪ್ರಗತಿ ಪತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರೆಂದು ಬೇಡುತ್ತೇವೆ. ಇದು ಎಷ್ಟು ಸರದಿಗಳ ಲೆಕ್ಕ? ಯಾವ ಸ್ಥಿತಿಯಲ್ಲಿ ಆಡಿದ ಆಟ? ಈ ಕಾಗದದಲ್ಲಿ ಬರೆಯದೆ ಉಳಿದುದೇನು? ಒಂದು ಪರೀಕ್ಷೆಯ ಅಂಕಗಳ ಬದಲು ಮೂರು ವರ್ಷದ ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಗಳ ನಡಿಗೆಯ ದಿಕ್ಕು ತಿಳಿಯುತ್ತದೆ.

ನಮ್ಮ ಶಾಲೆಯವರಿಗೂ ಒಂದು ಸೂಚನೆಯುಂಟು. ಬಾಲಿಕೆಯರು ಆಡುವ ಪ್ರತಿಯೊಂದು ಪಂದ್ಯಕ್ಕೂ ಒಂದು ಸ್ಕೋರು ಪುಸ್ತಕವಿರಲಿ; ಅದನ್ನು ಬಾಲಿಕೆಯರೇ ಬರೆಯಲಿ, ವರ್ಷದಿಂದ ವರ್ಷಕ್ಕೆ ಕಾಪಾಡಿಡಲಿ. ಎಣಿಸಲು ಕಲಿತವಳು ಇತರರ ಎಣಿಕೆಗೆ ಸುಲಭವಾಗಿ ಹೆದರಳು. ಇಲ್ಲಿ ಓದಿ ಹೋಗಿ ಈಗ ತಾಯಂದಿರಾಗಿರುವ ನಮ್ಮ ಸಹೋದರಿಯರಲ್ಲಿ ಅನೇಕರ ಹೆಸರು ಯಾವ ಸ್ಕೋರು ಪುಸ್ತಕದಲ್ಲಿಯೂ ಇಲ್ಲ. ಅವರ ಕೈಗೆ ಬ್ಯಾಟು ಬರಲೇ ಇಲ್ಲ. ಅವರ ಹೆಣ್ಣುಮಕ್ಕಳ ಪುಟವಾದರೂ ಬರಿದಾಗದಿರಲಿ. ಅದರಲ್ಲಿ ಸೊನ್ನೆಗಳು ಬಿದ್ದರೂ ಬೀಳಲಿ. ಆಡಿದವಳಿಗೆ ಮಾತ್ರ ಸೊನ್ನೆಯೆಂಬುದೂ ಉಂಟು.